ಎರಡು ಪಂಕ್ತಿಯಲ್ಲಿ ಉಂಡವಳು

ನಾನು ಎರಡು ಪಂಕ್ತಿಯಲ್ಲಿ ಕೂತು ಉಂಡವಳು. ಒಂದು ಕಡೆ ಕಾಲೇಜಿನ ಮೆರಿಟ್ ಸೀಟು, ಇನ್ನೊಂದು ಕಡೆ ಸೇನಾಧಿಕಾರಿಯಾಗಲು ತಯಾರಿ ನಡೆಸುವವರಿಗೆ ಅಫಜಲಪುರದ ಹಿರಿಯರು ಕೊಡುವ ವಿದ್ಯಾರ್ಥಿವೇತನ — ಎರಡನ್ನೂ ಒಟ್ಟಿಗೆ ತೆಗೆದುಕೊಂಡೆ. ಒಂದನ್ನು ಪಡೆದವರು ಇನ್ನೊಂದನ್ನು ಮುಟ್ಟಬಾರದು ಎಂಬುದು ಗೊತ್ತಿದ್ದೇ ತೆಗೆದುಕೊಂಡೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಮತ್ತೆ ಆ ವಯಸ್ಸಿಗೆ ಹೋಗಿ ನಿಂತರೂ ಎರಡಕ್ಕೂ ಕೈ ಚಾಚುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಲ್ಲೋ ಒಂದು ಕಡೆ ಇವಳು ಕಣ್ಣೀರು ಹಾಕುತ್ತಾಳೆ ಎಂದು ಕಾಯುವವರು ಕಾಯುವುದು ಬೇಡ.

ಆದರೆ ಆ ಎರಡನ್ನೂ ಉಳಿಸಿಕೊಳ್ಳಲು ಒಂದು ಬೆಳಿಗ್ಗೆ, ಆಳಂದದ ಕಾಲೇಜು ಮೈದಾನದಲ್ಲಿ, ನಾನು ಇನ್ನೊಬ್ಬಳ ಹೆಸರು ಹೇಳಿದೆ. ಒಂದೇ ಹೆಸರು, ಒಂದೇ ಮಾತು. ಅದರ ಬಗ್ಗೆ — ಅದನ್ನು ಹೇಳಲಿಕ್ಕೇ ಇಷ್ಟು ವರ್ಷಗಳ ಮೇಲೆ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಮಹಾದೇವಿ. ಊರು ಜೇವರ್ಗಿ ತಾಲೂಕಿನ ನೆಲೋಗಿ. ಈಗ ಸೇನೆಯಲ್ಲಿ ಮೇಜರ್. ನಾವು ಬಡವರಾಗಿದ್ದೆವು ಎಂದು ಹೇಳಿ ನಿಮ್ಮ ಮನಸ್ಸು ಕರಗಿಸುವ ಇರಾದೆ ನನಗಿಲ್ಲ. ಅಪ್ಪನಿಗೆ ತೊಗರಿ ಬೆಳೆಯುವ ಹೊಲವಿತ್ತು, ಮನೆಯಲ್ಲಿ ರೊಟ್ಟಿಗೆ ಕೊರತೆ ಇರಲಿಲ್ಲ. ಅಪ್ಪನಿಗೆ ಇದ್ದದ್ದು ಒಂದು ಹಟ. ಮಗಳು ಜೇವರ್ಗಿಗೆ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಮಾಡಲಿ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಲಿ. ನಾನು ಆಳಂದದ ಕಾಲೇಜಿನ ಹೆಸರು ಎತ್ತಿದಾಗ ಅಪ್ಪ ಎಲೆ ಅಡಿಕೆ ಮೆಲ್ಲುತ್ತಲೇ ಹೇಳಿದ್ದ: “ಜೇವರ್ಗಿಗಾದ್ರ ಫೀ ಕಟ್ತೇನಿ. ಪ್ಯಾಂಟ್ ಹಾಕ್ಕೊಂಡು ಮೈದಾನದಾಗ ಓಡಾಕ ನನ್ನ ಕಡಿಂದ ಒಂದು ಪೈಸಾನೂ ಬರಾಂಗಿಲ್ಲ ನೋಡವಾ.”

ಆಳಂದವೇ ಯಾಕೆಂದರೆ ಅಲ್ಲಿ ಹುಡುಗಿಯರ ಕೆಡೆಟ್ ತುಕಡಿ ಇತ್ತು. ಖಾಕಿ ಬಟ್ಟೆ, ಕವಾಯತು, ಬಂದೂಕು ಹಿಡಿಯುವ ಪಾಠ. ಶಾಲೆಯಲ್ಲಿದ್ದಾಗ ಒಮ್ಮೆ ಸೇನೆಯ ಮಹಿಳಾ ಅಧಿಕಾರಿಯೊಬ್ಬರನ್ನು ಕಲಬುರಗಿಯ ಒಂದು ಸಮಾರಂಭದಲ್ಲಿ ದೂರದಿಂದ ನೋಡಿದ್ದೆ. ಸುತ್ತಲಿದ್ದ ದೊಡ್ಡ ದೊಡ್ಡ ಗಂಡಸರು ಅವರ ಮಾತು ಮುಗಿಯುವವರೆಗೆ ಬಾಯಿ ತೆರೆಯಲಿಲ್ಲ. ನಮ್ಮ ಮನೆಯಲ್ಲಿ ಅಮ್ಮನ ಒಂದು ಮಾತೂ ಪೂರ್ತಿ ಮುಗಿದದ್ದನ್ನು ನಾನು ಕೇಳಿರಲಿಲ್ಲ. ಅಷ್ಟೇ ಕಾರಣ. ದೇಶಭಕ್ತಿ ಇತ್ಯಾದಿ ಆಮೇಲೆ ಬಂತು.

ಆಳಂದದ ಕಾಲೇಜಿನಲ್ಲಿ ತರಗತಿಗೆ ಒಂದು ಮೆರಿಟ್ ಸೀಟು. ಮೊದಲ ಸ್ಥಾನ ಪಡೆದವರಿಗೆ ಫೀ ಇಲ್ಲ, ಹಾಸ್ಟೆಲ್ಲಿನ ಊಟ ವಸತಿಗೂ ಖರ್ಚಿಲ್ಲ. ಅವರು ಬೇಡವೆಂದರೆ ಎರಡನೆಯವರಿಗೆ ಹೋಗುತ್ತದೆ. ಪಿಯುಸಿಯ ಅಂಕದ ಮೇಲೆ ಆ ಸೀಟು ನನಗೆ ಬಂತು. ಖರ್ಚಿಲ್ಲ ಎಂದ ಮೇಲೆ ಅಪ್ಪನ ಹತ್ತಿರ ಬೇರೆ ಮಾತು ಉಳಿಯಲಿಲ್ಲ. ಮುಖ ತಿರುಗಿಸಿಕೊಂಡೇ ಬಸ್ ಹತ್ತಿಸಿದ.

ಎರಡನೆಯವಳು ಅಂಬಿಕಾ.

ಅವಳು ಖಜೂರಿಯವಳು, ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಅವಳಪ್ಪ ಲಾರಿ ಓಡಿಸುತ್ತಿದ್ದ. ಬೆಳಿಗ್ಗೆ ಆಳಂದದ ಕಡೆ ಬರುವ ಯಾವ ಲಾರಿಯೇ ಆಗಲಿ, ಡ್ರೈವರ್ ಅವಳ ಅಪ್ಪನ ಗುರುತಿನವನೇ ಆಗಿರುತ್ತಿದ್ದ. ಈರುಳ್ಳಿ ಮೂಟೆಯ ವಾಸನೆ ಹೊತ್ತುಕೊಂಡೇ ಅಂಬಿಕಾ ಕವಾಯತಿಗೆ ಬಂದು ನಿಲ್ಲುತ್ತಿದ್ದಳು. ಅಂಕದಲ್ಲಿ ನನಗಿಂತ ಕೂದಲೆಳೆಯಷ್ಟು ಹಿಂದೆ. ಓಟದಲ್ಲಿ — ಓಟದಲ್ಲಿ ಅವಳ ಬೆನ್ನು ನೋಡುತ್ತಲೇ ನಾನು ಓಡಿದ್ದು. ಅವಳು ಕಡ್ಡಿಯಂಥ ಹುಡುಗಿ, ಕಾಲು ಮಾತ್ರ ಉದ್ದ. ಗುರಿ ಮುಟ್ಟಿ, ಸೊಂಟದ ಮೇಲೆ ಕೈ ಇಟ್ಟು ನಿಂತು, ತೇಕುತ್ತ ಬರುವ ನನ್ನನ್ನು ನೋಡಿ, “ಬಾ ಬೇ, ಮಧ್ಯಾಹ್ನದೊಳಗ ಮುಟ್ಟತಿ ಅಂತ ನಂಬೇನಿ” ಎನ್ನುತ್ತಿದ್ದಳು. ನನಗೆ ಅವಳಷ್ಟು ಹತ್ತಿರದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಸುಬೇದಾರ್ ಕಾಕಾನ ವಿಷಯ. ಅಫಜಲಪುರದವರು, ಸೇನೆಯಿಂದ ಸುಬೇದಾರ್ ಆಗಿ ನಿವೃತ್ತರಾದವರು. ಮೂರು ತಾಲೂಕಿನ ಜನಕ್ಕೆ ಅವರು ಕಾಕಾ. ನಮ್ಮ ಕಡೆಯಿಂದ ಸಿಪಾಯಿಗಳು ಬೇಕಾದಷ್ಟು ಹೋಗಿದ್ದಾರೆ, ಅಧಿಕಾರಿ ಯಾಕೆ ಆಗಬಾರದು ಎಂಬುದು ಅವರ ತಲೆಯಲ್ಲಿ ಕೂತಿದ್ದ ಹುಳ. ತಮ್ಮಂಥ ಕೆಲವು ಹಿರಿಯರನ್ನು ಕೂಡಿಸಿ ಒಂದು ನಿಧಿ ಮಾಡಿದ್ದರು. ಆಳಂದ, ಅಫಜಲಪುರ, ಜೇವರ್ಗಿ — ಈ ಮೂರು ತಾಲೂಕಿನ ಕಾಲೇಜುಗಳಿಂದ ವರ್ಷಕ್ಕೊಬ್ಬರನ್ನು ಆರಿಸಿ, ಅಧಿಕಾರಿಗಳ ಆಯ್ಕೆ ಪರೀಕ್ಷೆಗೆ ಬೇಕಾದ ತರಬೇತಿ, ಇಂಗ್ಲಿಷ್ ಮಾತಿನ ಪಾಠ, ಬೂಟು, ಸಂದರ್ಶನಕ್ಕೆ ಹೋಗುವ ರೈಲಿನ ಖರ್ಚು, ಎಲ್ಲವನ್ನೂ ಆಯ್ಕೆಯಾಗುವ ತನಕ ನೋಡಿಕೊಳ್ಳುತ್ತಿದ್ದರು.

ಇದನ್ನು ಕೊಡುವ ಪದ್ಧತಿ ಬೇರೆಲ್ಲೂ ನೋಡದಂಥದ್ದು. ಅರ್ಜಿ ಇಲ್ಲ, ಸಹಿ ಇಲ್ಲ. ಕಾಕಾನ ಮನೆಯ ಪಡಸಾಲೆಯಲ್ಲಿ ಪಂಕ್ತಿ ಹಾಕುತ್ತಾರೆ. ನಿಧಿಯ ಹಿರಿಯರು, ಹಿಂದೆ ಆಯ್ಕೆಯಾದವರು, ಹೊಸದಾಗಿ ಆಯ್ಕೆಯಾದವರು, ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಬಡಿಸಿ, ಗೋಧಿ ಹುಗ್ಗಿಯನ್ನು ಮಾತ್ರ ತಡೆಹಿಡಿಯುತ್ತಾರೆ. ಆಗ ಕಾಕಾ ಹೊಸಬರ ಕಡೆ ತಿರುಗಿ ಕೇಳುತ್ತಾರೆ: “ಮತ್ತೊಂದು ಪಂಕ್ತಿಯೊಳಗ ಕುಂತೀ ಏನು?” ಅಂದರೆ, ಬೇರೆ ಕಡೆಯಿಂದಲೂ ವಿದ್ಯಾರ್ಥಿವೇತನ ಬರುತ್ತದೆಯೇ ಎಂದು. “ಇಲ್ರಿ, ಇದೊಂದರಾಗೇ ಕುಂತೇನಿ” ಎಂದರೆ ತಟ್ಟೆಗೆ ಹುಗ್ಗಿ ಬೀಳುತ್ತದೆ. ಅಷ್ಟಾದರೆ ಆಯಿತು. ಒಬ್ಬರೇ ಎರಡು ಕಡೆ ಉಂಡರೆ ಬಾಗಿಲಲ್ಲಿ ಕಾದು ನಿಂತವರ ಗತಿ ಏನು ಎಂಬುದು ಅವರ ವಾದ. ಯಾರೂ ಹೋಗಿ ಕಾಲೇಜಿನಲ್ಲಿ ವಿಚಾರಿಸುವುದಿಲ್ಲ. ಬರೆಸಿಕೊಳ್ಳಬಾರದೇ ಎಂದು ಯಾರೋ ಕೇಳಿದ್ದಕ್ಕೆ ಕಾಕಾ, “ಉಣ್ಣಾಕ ಕುಂತವ್ರು ಸುಳ್ಳು ಹೇಳ್ತಾರೇನ್ರಿ” ಎಂದಿದ್ದರಂತೆ.

ನಾನು ಹೇಳಿದೆ.

ಎರಡನೇ ವರ್ಷದ ಆರಂಭದಲ್ಲಿ ನಿಧಿ ನನ್ನನ್ನು ಆರಿಸಿತ್ತು. ಓಟದಲ್ಲಿ ಅಂಬಿಕಾ ಮುಂದಿದ್ದರೂ ಮಾತಿನಲ್ಲಿ ನಾನು ಮುಂದಿದ್ದೆ. ಕಾಕಾ ಅವಳಿಗೆ, “ಮುಂದಿನ ವರ್ಷ ನಿನ್ನ ಪಾಳಿ, ಅಲ್ಲೀತನಕ ಇಂಗ್ಲಿಷ್ ಸುಧಾರಿಸ್ಕೋ” ಎಂದು ಹೇಳಿ ಕಳಿಸಿದ್ದರು. ಪಂಕ್ತಿಯಲ್ಲಿ ನನ್ನ ಕಡೆ ತಿರುಗಿ ಕೇಳಿದರು. ಆ ಹೊತ್ತಿಗೆ ಮೆರಿಟ್ ಸೀಟು ಎರಡನೇ ವರ್ಷಕ್ಕೂ ನನ್ನ ಹೆಸರಿಗೇ ಬಂದಿತ್ತು. ನಾನು ಕಾಕಾನ ಕಣ್ಣಿನಲ್ಲಿ ಕಣ್ಣಿಟ್ಟು, “ಇಲ್ರಿ” ಎಂದೆ. ಹುಗ್ಗಿ ಬಿತ್ತು, ಅದರ ಮೇಲೆ ತುಪ್ಪ. ಬಹಳ ರುಚಿಯಾಗಿತ್ತು, ಅದನ್ನೂ ಹೇಳುತ್ತೇನೆ.

ಯಾಕೆ ಹೇಳಬಾರದಿತ್ತು? ಮೆರಿಟ್ ಸೀಟು ಬಿಟ್ಟರೆ ಮರುದಿನವೇ ಅಪ್ಪ ಬಂದು ಹಾಸಿಗೆ ಸುತ್ತಿಕೊಂಡು ನನ್ನನ್ನು ನೆಲೋಗಿಗೆ ಒಯ್ಯುತ್ತಿದ್ದ. ಜೇವರ್ಗಿಯ ಬಸ್ಸು, ಸಂಜೆಯ ದೀಪ. ಕಾಕಾನ ನಿಧಿಯನ್ನು ಬಿಟ್ಟರೆ ಡಿಗ್ರಿ ಆಗುತ್ತಿತ್ತು, ಆದರೆ ಆಯ್ಕೆ ಪರೀಕ್ಷೆಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ಒಂದು ನನ್ನನ್ನು ಆಳಂದದಲ್ಲಿ ಇರಿಸುತ್ತಿತ್ತು, ಇನ್ನೊಂದು ಅಲ್ಲಿಂದ ಮುಂದಕ್ಕೆ ಒಯ್ಯುತ್ತಿತ್ತು. ಒಂದೇ ಇದ್ದರೆ ಎರಡೂ ವ್ಯರ್ಥ. ಇದು ಕಾಕಾನಿಗೆ ಅರ್ಥವಾಗುತ್ತಿರಲಿಲ್ಲ, ಯಾಕೆಂದರೆ ಅವರು ಗಂಡು ಮಕ್ಕಳ ಲೆಕ್ಕದಲ್ಲಿ ಯೋಚಿಸಿದ ನಿಯಮ ಅದು. ಗಂಡು ಹುಡುಗ ಓದಲು ಹೋದರೆ ಅಪ್ಪ ಫೀ ಕಟ್ಟುತ್ತಾನೆ, ಸೋದರಮಾವ ರೂಮು ಹುಡುಕುತ್ತಾನೆ, ಅಕ್ಕನ ಮನೆಯಿಂದ ಬುತ್ತಿ ಬರುತ್ತದೆ. ಮನೆಯವರು ಹಾಕುವ ಆ ಪಂಕ್ತಿಗಳನ್ನು ಯಾರೂ ಲೆಕ್ಕ ಹಿಡಿದು ಕೇಳುವುದಿಲ್ಲ. ನನ್ನನ್ನು ಕೇಳಿದರು, ನಾನು ಸುಳ್ಳು ಹೇಳಿದೆ. ಈ ಸುಳ್ಳನ್ನು ನಾನು ಇವತ್ತಿಗೂ ತಲೆ ಎತ್ತಿಕೊಂಡೇ ಹೇಳುತ್ತೇನೆ.

ಇನ್ನೊಂದು ಸುಳ್ಳಿನ ಮಾತು ಬೇರೆ.

ಆ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಕಾಕಾ ಯಾವ ಸೂಚನೆಯೂ ಇಲ್ಲದೆ ನಮ್ಮ ಮೈದಾನಕ್ಕೆ ಬಂದರು. ನಾನು, ಅಂಬಿಕಾ ಇಬ್ಬರೇ ಇದ್ದೆವು, ಓಟಕ್ಕೆ ಮೊದಲು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆವು. ಕಾಕಾನ ಕೊರಳಲ್ಲಿ ಮಫ್ಲರು, ಮುಖದ ತುಂಬ ನಗು. ಯಾರನ್ನೂ ಹಿಡಿಯಲು ಬಂದವರಲ್ಲ ಅವರು; ಅನುಮಾನ ಅವರ ಮನಸ್ಸಿನಲ್ಲೇ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಹೇಳಿದ ಸುದ್ದಿ ಕೇಳಿ ಸಂತೋಷಪಡಲು ಬಂದಿದ್ದರು.

“ನಿಮ್ಮ ತುಕಡಿ ಹುಡುಗೀಗೇ ಕಾಲೇಜಿನ ಮೆರಿಟ್ ಸೀಟು ಸಿಕ್ಕದಂತ. ಯಾರ್ ಬೇ ಆಕೀ?”

ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ನಿಜ ಹೇಳಬಹುದಿತ್ತು ಎಂಬುದು — ಅದು ಆಗ ಹೊಳೆಯಲೇ ಇಲ್ಲ. ನಾನು ಹೇಳಿದೆ:

“ಅಂಬಿಕಾ ರೀ.”

ದಾರ ಕಟ್ಟುತ್ತಿದ್ದ ಅವಳ ಕೈ ನಿಂತಿತು. ನಾನು ಅವಳ ಮುಖ ನೋಡಲಿಲ್ಲ, ಅವಳ ಬೂಟು ನೋಡುತ್ತಿದ್ದೆ. ಅವಳು ಎದ್ದು ನಿಂತಳು.

“ಹೌದ್ರಿ ಕಾಕಾ,” ಎಂದಳು.

ಕಾಕಾ ಅವಳ ತಲೆಯ ಮೇಲೆ ಕೈ ಇಟ್ಟರು. “ಶಾಬಾಸ್ ಮಗಳೆ. ಖಜೂರಿ ಹೆಸರು ಎತ್ತಿದಿ ನೋಡು.” ಇಬ್ಬರನ್ನೂ ಕರೆದೊಯ್ದು ಚಹಾ ಕುಡಿಸಿದರು, ಅವಳಿಗೆ ಮಾತ್ರ ಜೊತೆಗೊಂದು ಪೇಡೆ. ಆಮೇಲೆ ನಾವು ಓಡಿದೆವು. ಆ ದಿನ ಅವಳು ಎಂದಿಗಿಂತ ಜೋರಾಗಿ ಓಡಿದಳು. ಗುರಿ ಮುಟ್ಟಿದ ಮೇಲೆ ನನಗಾಗಿ ನಿಲ್ಲಲಿಲ್ಲ, ಚೀಲ ಎತ್ತಿಕೊಂಡು ತರಗತಿಗೆ ಹೋದಳು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ನನ್ನನ್ನು ಉಳಿಸಿದಳು ಎಂದು ನಾನು ತಿಳಿದುಕೊಂಡೆ. ಉಳಿಸಿದಳಲ್ಲ, ಇನ್ನೇನು ಎಂದು ಹಗುರಾದೆ ಕೂಡ.

ಮರುವರ್ಷದ ಪಂಕ್ತಿ. ಹಿಂದಿನ ವರ್ಷ ಆಯ್ಕೆಯಾದವಳಾಗಿ ನಾನೂ ಆ ಸಾಲಿನಲ್ಲಿದ್ದೆ. ಹೊಸಬಳಾಗಿ ಅಂಬಿಕಾ ಬರುತ್ತಾಳೆ ಎಂದೇ ಎಲ್ಲರೂ ಎಣಿಸಿದ್ದೆವು. ಬಂದು ಕೂತದ್ದು ಜೇವರ್ಗಿಯ ಒಬ್ಬ ಹುಡುಗ. ಪಕ್ಕದವರು ಕೇಳಿದ್ದಕ್ಕೆ ಕಾಕಾ ಸಹಜವಾಗಿ ಹೇಳಿದರು: “ಖಜೂರಿ ಹುಡುಗೀಗೆ ಕಾಲೇಜಿನ ಪಂಕ್ತಿ ಅದ. ಈ ಮಹಾದೇವೀನೇ ಹೇಳ್ಯಾಳ, ಆಕೀನೂ ಹೌದು ಅಂದಾಳ. ಆಕೀಗೆ ಕೇಳಿ ಯಾಕ ಮುಜುಗರ ಮಾಡೋದು?”

ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳುವುದು ಅವರ ಪ್ರಕಾರ ಅವಮಾನ. ಆ ಮನುಷ್ಯನ ಒಳ್ಳೆಯತನವೇ ಅವಳಿಗೆ ಮುಳುವಾಯಿತು. ನಾನು ಅಲ್ಲೇ ಇದ್ದೆ, ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿದೆ. ಆಮೇಲೆ ಇನ್ನೊಂದು ತುತ್ತು ಕಲಸಿದೆ.

ಮೆರಿಟ್ ಸೀಟು ಇಲ್ಲದ್ದರಿಂದ ಅವಳಪ್ಪ ಫೀ ಕಟ್ಟುತ್ತಿದ್ದ, ನಿಧಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟುತ್ತಿದ್ದ. ನಿಧಿಯೂ ಇಲ್ಲವೆಂದಾಗ, ಇನ್ನು ಓದಿ ಓಡಿ ಆಗುವುದೇನಿದೆ ಎಂದನಂತೆ. ಕೊನೆಯ ವರ್ಷದ ದಸರೆ ರಜೆಗೆ ಹೋದ ಅಂಬಿಕಾ ಮರಳಿ ಬರಲಿಲ್ಲ. ಮೈದಾನದಲ್ಲಿ ನಾನು ಮೊದಲ ಸಲ ಯಾರ ಬೆನ್ನೂ ಕಾಣದೆ ಓಡಿದೆ. ಎಲ್ಲರಿಗಿಂತ ಮುಂದೆ ಓಡುವುದು ಇಷ್ಟು ಸಪ್ಪೆ ಎಂದು ಗೊತ್ತಿರಲಿಲ್ಲ.

ನಾನು ಆಯ್ಕೆಯಾದೆ. ಚೆನ್ನೈನಲ್ಲಿ ತರಬೇತಿ ಮುಗಿದ ದಿನ ಅಪ್ಪ, ಅಮ್ಮ ಬಂದು ನನ್ನ ಹೆಗಲಿಗೆ ನಕ್ಷತ್ರ ಚುಚ್ಚಿದರು. ಪ್ಯಾಂಟಿನ ಮಾತಾಡಿದ್ದ ಅಪ್ಪ ನನ್ನ ಟೋಪಿಯನ್ನು ಕೈಯಿಂದ ಬಿಡಲಿಲ್ಲ. ಕಾಕಾನೂ ಬಂದಿದ್ದರು. ನನ್ನ ಮುಂದೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು — ಅವರು ಸುಬೇದಾರ್, ನಾನು ಅಧಿಕಾರಿ, ನಿಯಮ ಅದು. ಅವರ ಕಣ್ಣು ತುಂಬಿತ್ತು. ನಾನು ಮರುಸಲ್ಯೂಟ್ ಹೊಡೆದೆ. ಆ ಪಡಸಾಲೆಯ ಗೋಡೆಯ ಮೇಲೆ ನನ್ನ ಫೋಟೋ ಹಾಕಿದರು. ನಿಧಿಯಿಂದ ಅಧಿಕಾರಿಯಾದ ಮೊದಲ ಹುಡುಗಿ.

ವರ್ಷಗಳು ಹೋದವು. ನಾನು ಬೇರೆ ಬೇರೆ ಕಡೆ ಕೆಲಸ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಅಂಬಿಕಾಳ ನೆನಪು ಬಂದಾಗಲೆಲ್ಲ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅವಳಾಗಿ ಹೌದು ಎಂದಳು, ಗೆಳತಿಗಾಗಿ ತ್ಯಾಗ ಮಾಡಿದಳು, ಆ ತ್ಯಾಗಕ್ಕೆ ತಕ್ಕಂತೆ ನಾನು ಬದುಕುತ್ತಿದ್ದೇನೆ. ಇಂಥ ಮಾತು ಹೆಣೆದುಕೊಳ್ಳುವುದರಲ್ಲಿ ನಾನು ಮೊದಲಿಂದಲೂ ಜಾಣೆ.

ಈ ವರ್ಷ ಕಾಕಾನ ಫೋನು ಬಂತು. ದನಿ ಕುಗ್ಗಿದೆ, ಮಂಡಿ ನೋವಿದೆ. ಜಿಡಗಾದ ಒಬ್ಬ ಹುಡುಗಿಯನ್ನು ಆರಿಸಿದ್ದಾರೆ. “ಈ ಸಲ ಪಂಕ್ತಿಯೊಳಗ ಕೇಳೋ ಮಾತು ನೀನೇ ಕೇಳಬೇಕವಾ. ನನ್ನ ಜಾಗಾದಾಗ ನೀ ಕುಂದ್ರು. ನಿನಗಿಂತ ಹಕ್ಕು ಯಾರಿಗದ?”

ನಾನು ಎಷ್ಟೋ ಕಡೆ ಹೆದರದೆ ಹೋದವಳು. ಫೋನು ಇಟ್ಟ ಮೇಲೆ ಮಾತ್ರ ಕೂತುಬಿಟ್ಟೆ. ಸುಳ್ಳು ಹೇಳಿದ ಬಾಯಿಂದ ಇನ್ನೊಬ್ಬ ಹುಡುಗಿಯನ್ನು ನಿಜ ಹೇಳು ಎಂದು ಕೇಳುವುದು — ಅಷ್ಟು ನಾಚಿಕೆಗೇಡು ನನ್ನಿಂದ ಆಗಲಿಲ್ಲ. ರಜೆ ಹಾಕಿ ಬಂದೆ, ಮೊದಲು ಖಜೂರಿಗೆ ಹೋದೆ.

ರಸ್ತೆಯ ಬದಿಯಲ್ಲಿ ತಗಡಿನ ಚಪ್ಪರ, ಮುಂದೆ ಲಾರಿಗಳ ಸಾಲು. ಅಂಬಿಕಾ ಲಾರಿಗಳಿಗೆ ಲೋಡು ಹೊಂದಿಸಿ ಕೊಡುವ ವ್ಯವಹಾರ ಮಾಡುತ್ತಾಳೆ. ಒಂದು ಕಿವಿಗೆ ಫೋನು, ಎದುರಿಗೆ ನಿಂತ ಡ್ರೈವರ್‌ಗೆ ಮರಾಠಿಯಲ್ಲಿ ಬೈಗುಳ. ಸ್ವಲ್ಪ ದಪ್ಪವಾಗಿದ್ದಾಳೆ. ನನ್ನನ್ನು ನೋಡಿ ಫೋನು ಇಟ್ಟಳು.

“ಬಾ ಬೇ. ಮಧ್ಯಾಹ್ನದೊಳಗ ಮುಟ್ಟತಿ ಅಂತ ನಂಬಿದ್ದೆ. ಭಾಳ ತಡಾ ಮಾಡಿದಿ.”

ಪ್ಲಾಸ್ಟಿಕ್ ಕುರ್ಚಿ ಎಳೆದು ಕೂಡಿಸಿದಳು, ಚಹಾ ತರಿಸಿದಳು. ನಾನು ಸುತ್ತುಬಳಸು ಮಾಡಲಿಲ್ಲ. ಆ ಬೆಳಿಗ್ಗೆ ನಿನ್ನ ಹೆಸರು ಹೇಳಿದ್ದು ನಾನು, ಅದರಿಂದಲೇ ನಿಧಿ ನಿನಗೆ ತಪ್ಪಿತು, ಪಂಕ್ತಿಯಲ್ಲಿ ಕೂತು ಕೇಳಿಯೂ ನಾನು ಬಾಯಿ ಬಿಡಲಿಲ್ಲ ಎಂದೆ. ನನ್ನನ್ನು ಉಳಿಸಲು ನೀನು ಹೌದು ಎಂದೆಯಲ್ಲ, ಅದು ನನಗೆ ಗೊತ್ತು ಎಂದೂ ಸೇರಿಸಿದೆ.

ಅವಳು ನಕ್ಕಳು. ಕಹಿಯಾದ ನಗುವೇನಲ್ಲ.

“ನಿನ್ನ ಉಳಸಾಕ ಅಲ್ಲ ಬೇ. ಕಾಕಾ ನನ್ನ ಕಡೆ ಹೆಂಗ ನೋಡಿದ್ರು ಗೊತ್ತೇನು? ಫಸ್ಟ್ ಬಂದಾಕೀನ ನೋಡ್ದಂಗ ನೋಡಿದ್ರು. ಹುಟ್ಟಿದಾಗಿಂದ ನನ್ನ ಕಡೆ ಯಾರೂ ಹಂಗ ನೋಡಿದ್ದಿಲ್ಲ. ಒಂದು ಗಳಿಗಿ ಅದು ನನಗಿರ್ಲಿ ಅನಸ್ತು. ಹೌದ್ರಿ ಅಂದೆ. ಆ ಪೇಡೆ ರುಚಿ ಇನ್ನೂ ಬಾಯಾಗದ.”

ನಾನು ಇಷ್ಟು ವರ್ಷ ಆತುಕೊಂಡಿದ್ದ ತ್ಯಾಗ ಅಲ್ಲಿ ಇರಲೇ ಇಲ್ಲ. ನಾನು ಸುಮ್ಮನೆ ಎಸೆದ ಸುಳ್ಳಿನಲ್ಲಿ ಅವಳಿಗೆ ಬೇಕಾಗಿದ್ದುದೊಂದು ಇತ್ತು, ಅವಳು ಅದನ್ನು ಒಂದು ಗಳಿಗೆ ಹಿಡಿದುಕೊಂಡಳು. ಅಷ್ಟೇ. ಅದು ನ್ಯಾಯವಾಗಿ ಅವಳದಾಗಿರಬಹುದಾಗಿದ್ದ ಸೀಟು. ನಾನು ನಿಯಮದಂತೆ ನಿಧಿಯೊಂದನ್ನೇ ಇಟ್ಟುಕೊಂಡಿದ್ದರೆ ಮೆರಿಟ್ ಸೀಟು ಎರಡನೆಯವಳಾದ ಅವಳಿಗೇ ಹೋಗುತ್ತಿತ್ತು. ನೋಡಿ, ನನ್ನ ವಾದ ಇಲ್ಲಿ ಮುರಿಯುತ್ತದೆ. ಬಾಗಿಲಲ್ಲಿ ಕಾದು ನಿಂತವರ ಗತಿ ಎಂದು ಕಾಕಾ ಹೇಳುತ್ತಿದ್ದರಲ್ಲ, ಕಾದು ನಿಂತವಳು ನನ್ನ ಪಕ್ಕದಲ್ಲೇ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಎರಡೂ ನನಗೆ ಬೇಕಿತ್ತು ಎಂಬುದು ಇವತ್ತಿಗೂ ನಿಜ. ಅವಳಿಗೂ ಎರಡೂ ಬೇಕಿತ್ತು ಎಂಬುದೂ ಅಷ್ಟೇ ನಿಜ. ಮುರಿದ ಈ ಜಾಗಕ್ಕೆ ನಾನು ತೇಪೆ ಹಾಕುವುದಿಲ್ಲ.

“ಮರುವರ್ಷ ಕಾಕಾ ನನ್ನ ಹೆಸರು ಬಿಟ್ರಲ್ಲ,” ಅಂಬಿಕಾ ಚಹಾದ ಲೋಟ ಕೆಳಗಿಟ್ಟು ಹೇಳಿದಳು, “ಆವಾಗ ಅಫಜಲಪುರಕ್ಕ ಹೋಗಿ, ಸುಳ್ಳ ಹೇಳಿದ್ದೆ ರೀ, ಸೀಟು ಮಾದೇವೀದು ಅನ್ನಬಹುದಿತ್ತು. ಬಸ್ ಸ್ಟ್ಯಾಂಡ್ ತನಕಾ ಹೋಗಿದ್ದೆ. ಅಂದ್ರ ನಿನ್ನ ತರಬೇತಿ ಅರ್ಧಕ್ಕ ಹೋಗ್ತಿತ್ತು. ತಿರಿಗಿ ಬಂದೆ. ಅದು ನಿನಗಾಗಿ. ಬೇಕಾದ್ರ ಅದನ್ನ ಇಟ್ಕೋ.”

ಅವಳೇ ಕೇಳಿದಳು:

“ಈಗ ಏನ್ ಬೇಕು ನಿನಗ? ಮಾಫೀನಾ?”

“ಇಲ್ಲ.”

“ಛಲೋ ಆತು. ನಾ ಕೊಡಾಂಗಿಲ್ಲ.” ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಅವಳು ಎದ್ದು ಅದರ ಡ್ರೈವರ್‌ಗೆ ಕೈ ಮಾಡಿ ನಿಲ್ಲಿಸಿ, ನನ್ನ ಕಡೆ ತಿರುಗಿದಳು. “ಎಲ್ಲಿ ಸುಳ್ಳ ಹೇಳಿದಿ, ಅಲ್ಲೇ ಖರೇ ಹೇಳು. ನನ್ನ ಮುಂದ ಹೇಳಿದ್ರ ಏನಾತು? ನನಗ ಗೊತ್ತೇ ಅದ.”

ಪಂಕ್ತಿಯ ದಿನ ಕಾಕಾನ ಮನೆಗೆ ಹೋದೆ. ಅದೇ ಪಡಸಾಲೆ, ಗೋಡೆಯ ಮೇಲೆ ನಾನು. ಕಾಕಾ ಸಾಲಿನ ಮೊದಲ ಜಾಗವನ್ನು ನನಗೆ ಬಿಟ್ಟು, ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ಸಾಲಿನ ಆ ತುದಿಯಲ್ಲಿ ಜಿಡಗಾದ ಹುಡುಗಿ, ಜಡೆ ಬಿಗಿದು ಕಟ್ಟಿದ್ದಳು, ನನ್ನ ಫೋಟೋವನ್ನೂ ನನ್ನನ್ನೂ ತಿರುತಿರುಗಿ ನೋಡುತ್ತಿದ್ದಳು. ರೊಟ್ಟಿ, ಪಲ್ಯ ಬಂತು. ಹುಗ್ಗಿಯ ಪಾತ್ರೆ ಹಿಡಿದವರು ನಿಂತರು. ಕಾಕಾ ನನ್ನ ಕಡೆ ತಲೆಯಾಡಿಸಿದರು.

ನಾನು ಕೇಳಲಿಲ್ಲ. “ಮೊದಲು ನಾ ಉತ್ತರ ಕೊಡಬೇಕ್ರಿ ಕಾಕಾ,” ಎಂದೆ. “ನನ್ನ ಪಾಳಿ ಬಂದಾಗ ನೀವು ಕೇಳಿದ್ರಿ. ನಾ ಸುಳ್ಳ ಹೇಳಿದೆ. ಕಾಲೇಜಿನ ಮೆರಿಟ್ ಸೀಟು ನಂದೇ ಇತ್ತು. ಎರಡೂ ಕಡೆ ಉಂಡೆ. ಅದಕ್ಕ ನಾ ಮಾಫಿ ಕೇಳಾಂಗಿಲ್ರಿ, ಹೆಣ್ಮಕ್ಕಳಿಗೆ ಒಂದು ಪಂಕ್ತಿ ಸಾಲಂಗಿಲ್ಲ. ಆದ್ರ ಮೈದಾನದಾಗ ನಾ ಅಂಬಿಕಾಳ ಹೆಸರು ಹೇಳಿದ್ದು ಸುಳ್ಳು. ಆಕೀ ಯಾವ ಪಂಕ್ತಿಯೊಳಗೂ ಕುಂತಿದ್ದಿಲ್ಲ. ಖಜೂರಿ ಧೋಂಡಿಬಾನ ಮಗಳು ಅಂಬಿಕಾ. ನೀವು ಆಕೀಗೆ ಕೊಡೋದನ್ನ ನಾ ತಪ್ಪಿಸಿದೆ. ಇಲ್ಲೇ ಕುಂತು, ನೀವು ಹೇಳೋದನ್ನ ಕೇಳಿ, ಸುಮ್ಮನ ಉಂಡೆ.”

ಹಿರಿಯರಲ್ಲಿ ಒಬ್ಬರು ತಟ್ಟೆ ಸರಿಸಿದರು. ಇನ್ನೊಬ್ಬರು, ಆದದ್ದು ಆತು, ಊಟದ ಹೊತ್ತು ಎಂದು ಗೊಣಗಿದರು. ಕಾಕಾ ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ, ಅದಕ್ಕೆ ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ.

“ಓಟದಾಗ ಯಾರು ಮುಂದಿದ್ರವಾ?”

“ಅಂಬಿಕಾ ರೀ.”

“ಯಾವಾಗ್ಲೂ?”

“ಯಾವಾಗ್ಲೂ ರೀ.”

ಅವರು ಕಣ್ಣು ಮುಚ್ಚಿದರು. ಆಮೇಲೆ ಅವರೇ ಜಿಡಗಾದ ಹುಡುಗಿಯ ಕಡೆ ತಿರುಗಿ ಕೇಳಿದರು: “ತಂಗಿ, ಮತ್ತೊಂದು ಪಂಕ್ತಿಯೊಳಗ ಕುಂತೀ ಏನು?”

ಹುಡುಗಿ ನನ್ನನ್ನು ನೋಡಿದಳು, ಹುಗ್ಗಿಯ ಪಾತ್ರೆ ನೋಡಿದಳು. “ಕುಂತೇನ್ರಿ. ಕಾಲೇಜಿನ ಸೀಟೂ ಅದ. ಎರಡೂ ಬೇಕ್ರಿ ನನಗ.”

“ಆಕೀಗೆ ನೀಡ್ರಿ,” ಎಂದರು ಕಾಕಾ. “ಪಂಕ್ತಿ ವಿಚಾರ ಹಿರಿಯರು ಆಮ್ಯಾಲ ಕುಂತು ಮಾತಾಡೂಣು. ಖರೇ ಹೇಳ್ಯಾಳ, ಉಣ್ಣಲಿ.”

ಹುಗ್ಗಿ ಬಡಿಸುತ್ತಾ ಬಂದವರು ನನ್ನ ಮುಂದೆ ಬಗ್ಗಿದರು. ಕಾಕಾ ಕೈ ಅಡ್ಡ ಹಿಡಿದರು. “ಈಕೀಗೆ ಬ್ಯಾಡ. ಈಕೀ ಪಾಲು ಡಬ್ಬಿಗೆ ಹಾಕ್ರಿ. ಖಜೂರಿಗೆ ಈಕೀನೇ ಒಯ್ದು ಕೊಡ್ತಾಳ.”

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಎಲ್ಲರ ಊಟ ಮುಗಿಯುವವರೆಗೆ ರೊಟ್ಟಿಯನ್ನೂ ಮುರಿಯದೆ, ಬೆನ್ನು ನೆಟ್ಟಗೆ ಮಾಡಿ ನನ್ನ ಜಾಗದಲ್ಲೇ ಕೂತೆ. ಹೊರಡುವಾಗ ಗೋಡೆಯ ಮೇಲಿನ ಫೋಟೋವನ್ನು ನಾನೇ ಇಳಿಸಿದೆ. ಯಾರೂ ಇಳಿಸು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಾಕಾ ಡಬ್ಬಿಯನ್ನು ಎರಡೂ ಕೈಯಿಂದ ನನ್ನ ಕೈಗೆ ಕೊಟ್ಟರು. ಸಲ್ಯೂಟ್ ಹೊಡೆಯಲಿಲ್ಲ.

ಅಫಜಲಪುರದಿಂದ ಆಳಂದ, ಆಳಂದದಿಂದ ಖಜೂರಿ. ಬಿಸಿ ಡಬ್ಬಿ ತೊಡೆಯ ಮೇಲೆ, ಹೊಟ್ಟೆಯಲ್ಲಿ ಹಸಿವು. ಮುಟ್ಟಿದಾಗ ಅಂಬಿಕಾ ಚಪ್ಪರದಲ್ಲಿ ಒಬ್ಬಳೇ ಇದ್ದಳು. ಡಬ್ಬಿ ಎದುರಿಗಿಟ್ಟು, ಪಂಕ್ತಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಕಾಕಾ ಓಟದ ಬಗ್ಗೆ ಕೇಳಿದ್ದನ್ನು ಹೇಳಿದಾಗ ಮಾತ್ರ ಅವಳು ಮುಖ ಆಚೆ ತಿರುಗಿಸಿ, ರಸ್ತೆಯ ಕಡೆ ನೋಡುತ್ತಾ ಕೂತಳು. ಆಮೇಲೆ ಮೂಗು ಒರೆಸಿಕೊಂಡು ಡಬ್ಬಿ ತೆರೆದಳು.

“ನೀ ಉಂಡೀ ಏನು?”

“ಇಲ್ಲ. ನನಗ ನೀಡಲಿಲ್ಲ.”

“ಛಲೋ ಆತು,” ಎಂದು ಅವಳು ಹುಗ್ಗಿಗೆ ಕೈ ಹಾಕಿದಳು. ಅವಸರವಿಲ್ಲದೆ, ಡಬ್ಬಿಯ ತಳ ಕಾಣುವವರೆಗೆ ಉಂಡಳು. ನನಗೆ ಬೇಕೇ ಎಂದು ಕೇಳಲಿಲ್ಲ. ನಾನು ಎದುರಿಗೆ ಕೂತು ನೋಡಿದೆ.